ಅಠಾರಾ ಕಚೇರಿಯೂ ಸರ್ಕಾರೀ ಸೊತ್ತಿನ ವಿಕ್ರಯವೂ

ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ಕ್ರಿ. ಶ. ೧೧೯೬ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ಕಟ್ಟಿಸಿದನು. ಅಲ್ಲಿಯ ಶಿಲಾಶಾಸನವನ್ನು ರಚಿಸಿದವನು ಕವಿ ಜನ್ನನೆಂಬುದು ತರೀಕೆರೆಯ ಸೀಮೆಯವರು ಅಭಿಮಾನದಿಂದ ನೆನೆಯತಕ್ಕ ಸಂಗತಿಯಾಗಿದೆ. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯಲ್ಲಿ ಬರುವ ಶಾಪಾಶಯವು ಪರಿಚಿತವಾಗಿಯೇ ಇರುವುದು. ತಾನು ಕೊಟ್ಟುದನ್ನಾಗಲಿ ಇತರರು ಕೊಟ್ಟುದನ್ನಾಗಲಿ ಅಪಹರಿಸಿದವನು ಅರುವತ್ತು ಸಾವಿರ ವರ್ಷ ಮಲದಲ್ಲಿ ಕ್ರಿಮಿಯಾಗಿ ಹುಟ್ಟುವನೆಂದು ಅದರ ತಾತ್ಪರ್ಯ. ಪೂರ್ವಿಕರು ದತ್ತಾಪಹಾರವನ್ನು ಕುರಿತು ಇಷ್ಟು ಎಚ್ಚರಿಕೆಯನ್ನು ವಹಿಸಿದರು. ಆದರೆ ದೊರೆತನವು ಯಾರಿಗೂ ದಾನಮಾಡದೆ ತನ್ನ ಕೈಯಲ್ಲಿಯೇ ಇಟ್ಟುಕೊಂಡ ಸೊತ್ತನ್ನು ಹಣಕ್ಕೆ ಮಾರಬಹುದೆ, ಮಾರಿದರೆ ಅದರ ಫಲವನ್ನು ಯಾರು ಉಣ್ಣುವರು ಎಂಬ ಪ್ರಶ್ನೆಗೆ ಶಾಪಾಶಯದ ಶ್ಲೋಕಗಳಲ್ಲಿ ಉತ್ತರವಿಲ್ಲ. ಅದು ಕಚೇರಿಗಳ ಕಾಲದ ಪ್ರಶ್ನೆ. ಅದನ್ನು ವಿಚಾರಿಸಬೇಕಾದರೆ ದೇವಾಲಯವನ್ನು ಬಿಟ್ಟು ಕಚೇರಿಯ ಚರಿತ್ರೆಯನ್ನೇ ಹಿಡಿಯಬೇಕು.

ಕಚೇರಿಯೆಂಬುದು ಒಂದೆಡೆ ಬೇರೂರಿ ನಿಲ್ಲುವ ವಸ್ತುವಲ್ಲ. ಇದಕ್ಕೆ ಕಡೂರೇ ಸಾಕ್ಷಿ. ೧೮೬೩ರಲ್ಲಿ ಕಮಿಷನರ್ ಬೌರಿಂಗನ ಆಡಳಿತದಲ್ಲಿ ಮೈಸೂರು ದೇಶವನ್ನು ನಂದಿದುರ್ಗ, ಅಷ್ಟಗ್ರಾಮ, ನಗರಗಳೆಂಬ ಮೂರು ಭಾಗಗಳನ್ನಾಗಿಯೂ ಎಂಟು ಜಿಲ್ಲೆಗಳನ್ನಾಗಿಯೂ ವಿಭಾಗಿಸಿದಾಗ ಕಡೂರು ಜಿಲ್ಲೆಯು ಹುಟ್ಟಿತು. ಕಡೂರು ಪಟ್ಟಣವೇ ಅದಕ್ಕೆ ಮುಖ್ಯ ಸ್ಥಳವಾಯಿತು. ಎರಡೇ ವರ್ಷಗಳಲ್ಲಿ, ಎಂದರೆ ೧೮೬೫ರಲ್ಲಿ, ಜಿಲ್ಲೆಯ ಮುಖ್ಯ ಕಚೇರಿಯು ಚಿಕ್ಕಮಗಳೂರಿಗೆ ಹೋಯಿತು. ಹೆಸರು ಮಾತ್ರ ಕಡೂರಿನದಾಗಿಯೇ ಉಳಿದು, ೧೯೪೭ರಲ್ಲಿ ಚಿಕ್ಕಮಗಳೂರು ಜಿಲ್ಲೆಯೆಂದು ಬದಲಾಗುವವರೆಗೆ ಎಂಬತ್ತೆರಡು ವರ್ಷಗಳ ಕಾಲ ಇಲ್ಲದ ಕಚೇರಿಯ ಹೆಸರನ್ನು ಜಿಲ್ಲೆಯು ಹೊತ್ತಿದ್ದಿತು. ಕಚೇರಿಯು ಹೊರಟುಹೋದ ಮೇಲೆ ಕಡೂರು ಮತ್ತೆ ಚೇತರಿಸಿಕೊಂಡುದು ಗುಬ್ಬಿಯಿಂದ ಹರಿಹರಕ್ಕೆ ೧೮೮೯ರಲ್ಲಿ ರೈಲುಮಾರ್ಗವು ತೆರೆದ ಬಳಿಕವೇ. ಆದುದರಿಂದ ಸರ್ಕಾರವು ಒಂದು ಕಟ್ಟಡವನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಬಿಟ್ಟುಹೋದುದನ್ನು ಏನು ಮಾಡುವುದೆಂಬುದೇ ಕಷ್ಟದ ವಿಷಯ.

ಬೆಂಗಳೂರಿನಲ್ಲಿ ಕಬ್ಬನ್ ಉದ್ಯಾನದ ಅಂಚಿಗೆ, ವಿಧಾನಸೌಧದ ಎದುರಿಗೆ, ಕೆಂಪುಬಣ್ಣದ ಎರಡಂತಸ್ತಿನ ನೀಳವಾದ ಕಟ್ಟಡವೊಂದು ನಿಂತಿದೆ. ಈಗ ಅದು ಕರ್ನಾಟಕದ ಉಚ್ಚ ನ್ಯಾಯಾಲಯ. ಜನರ ಬಾಯಲ್ಲಿ ಅದಕ್ಕೆ ಅಠಾರಾ ಕಚೇರಿಯೆಂದು ಹೆಸರು. ಅಠಾರಾ ಎಂದರೆ ಹಿಂದೂಸ್ಥಾನಿಯಲ್ಲಿ ಹದಿನೆಂಟು. ಈ ಹದಿನೆಂಟರ ಲೆಕ್ಕವು ಕಟ್ಟಡಕ್ಕಿಂತ ಬಹಳ ಹಳೆಯದು. ೧೬೭೩ರಿಂದ ೧೭೦೪ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಔರಂಗಜೇಬನ ಆಸ್ಥಾನಕ್ಕೆ ರಾಯಭಾರವನ್ನು ಕಳುಹಿಸಿದ್ದರೆಂದೂ, ಮೊಗಲರ ಪದ್ಧತಿಯನ್ನು ಕೇಳಿ ತಿಳಿದು ತಮ್ಮ ಆಡಳಿತವನ್ನು ಹದಿನೆಂಟು ಚಾವಡಿಗಳನ್ನಾಗಿ ಏರ್ಪಡಿಸಿದರೆಂದೂ ಚರಿತ್ರೆಕಾರರು ಬರೆದಿದ್ದಾರೆ. ಆ ಚಾವಡಿಗಳ ಹೆಸರುಗಳನ್ನು ಕೇಳಿದರೆ ಅಂದಿನ ದೊರೆತನದ ಸಂಸಾರವೇ ಕಣ್ಣಿಗೆ ಕಟ್ಟುವುದು: ಅಪ್ಪಣೆಗಳನ್ನು ಬರೆಯುವ ನಿರೂಪದ ಚಾವಡಿ, ಲೆಕ್ಕಗಳ ಆಯಕಟ್ಟಿನ ಚಾವಡಿ, ಸುದ್ದಿಯನ್ನೂ ಅಂಚೆಯನ್ನೂ ನೋಡಿಕೊಳ್ಳುವ ಬೇಹಿನ ಚಾವಡಿ, ದೇವಸ್ಥಾನದ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿ, ಅರಮನೆಗೆ ಹಾಲು ತುಪ್ಪಗಳನ್ನು ಒದಗಿಸುವ ಬೆಣ್ಣೆ ಚಾವಡಿ ಮುಂತಾದುವು. ಇಂದಿನ ಕಾರ್ಯದರ್ಶಿಗಳ ಇಲಾಖೆಗಳಿಗೆ ಇಷ್ಟು ರುಚಿಯಾದ ಹೆಸರುಗಳಿಲ್ಲವೆಂಬುದನ್ನು ಒಪ್ಪಲೇಬೇಕು.

ಈ ಬೆಣ್ಣೆ ಚಾವಡಿಯ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯಕ. ಅದು ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಗೆ ನೇರವಾಗಿ ಸಂಬಂಧಪಟ್ಟುದಲ್ಲದೆ, ಸರ್ಕಾರದ ಸೊತ್ತನ್ನು ಮಾರಿದರೆ ಏನಾಗುವುದೆಂಬುದಕ್ಕೆ ಈ ದೇಶದಲ್ಲಿಯೇ ನಡೆದ ಸ್ಪಷ್ಟವಾದ ದೃಷ್ಟಾಂತವೂ ಆಗಿದೆ. ಬೆಣ್ಣೆ ಚಾವಡಿಯ ದನಗಳ ಮಂದೆಯನ್ನು ಹೈದರಾಲಿಯು ಬೆಳೆಯಿಸಿ, ಅದರ ಎತ್ತುಗಳನ್ನು ತೋಪುಬಂಡಿಗಳಿಗೂ ಸೈನ್ಯದ ಸಾಮಾನು ಸಾಗಣೆಗೂ ಉಪಯೋಗಿಸಿದನು. ಟಿಪ್ಪು ಸುಲ್ತಾನನು ಅದಕ್ಕೆ ಅಮೃತ್ ಮಹಲ್ ಎಂದು ಹೆಸರಿಟ್ಟು ಪಾಲನೆಯ ವಿಧಿಗಳನ್ನು ಬರೆಯಿಸಿದನು. ಅವರ ಸೈನ್ಯಗಳು ಶತ್ರುಗಳಿಗಿಂತ ಬೇಗನೆ ನಡೆಯುತ್ತಿದ್ದುದಕ್ಕೆ ಈ ಎತ್ತುಗಳೇ ಕಾರಣವೆಂದು ಇಂಗ್ಲಿಷ್ ಸೇನಾಪತಿಗಳೂ ಒಪ್ಪಿಕೊಂಡರು. ಮೇವಿಗಾಗಿ ಬಿಟ್ಟಿದ್ದ ಹುಲ್ಲುಗಾವಲುಗಳಿಗೆ ಕಾವಲುಗಳೆಂದು ಹೆಸರು; ಬೀರೂರು ಅಜ್ಜಂಪುರಗಳ ಸುತ್ತಣ ಬಯಲು ಅಂತಹ ಕಾವಲುಗಳಿಗೆ ಹೆಸರಾದುದು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮಂದೆಯು ಕೆಲವು ಕಾಲ ಕ್ಷೀಣಿಸಿ, ಬಳಿಕ ಮದರಾಸು ಸೈನ್ಯದ ಕಮಿಸರಿಯೇಟಿನ ಕೈಸೇರಿ, ಹುಣಸೂರಿನಲ್ಲಿ ಅದಕ್ಕೆ ಮುಖ್ಯ ಸ್ಥಾನವೇರ್ಪಟ್ಟಿತು. ೧೮೬೦ರಲ್ಲಿ ಮದರಾಸಿನ ಸರ್ಕಾರವು ಖರ್ಚನ್ನು ಕಡಿಮೆಮಾಡಬೇಕೆಂಬ ಒಂದೇ ಕಾರಣದಿಂದ ಈ ಇಲಾಖೆಯನ್ನು ಮುಚ್ಚಿ ಮಂದೆಯನ್ನು ಮಾರಿಬಿಟ್ಟಿತು. ಒಳ್ಳೆಯ ದನಗಳಲ್ಲಿ ಒಂದು ಪಾಲು ಕಡಲನ್ನು ದಾಟಿ ಈಜಿಪ್ಟಿನ ಪಾಷಾನ ಪಾಲಾಯಿತು. ಎರಡು ಶತಮಾನಗಳ ಆಯ್ಕೆ ಆರೈಕೆಗಳಿಂದ ಬೆಳೆದ ತಳಿಯ ಬೆಲೆಯು ಹರಾಜಿನ ಕಾಗದದಲ್ಲಿ ತಲೆಗಿಷ್ಟೆಂಬ ರೂಪಾಯಿಯಾಗಿ ಮಾತ್ರ ಕಂಡಿತು. ಸೈನ್ಯಕ್ಕೆ ಎತ್ತುಗಳು ಬೇಕಾದಾಗ ಅಂತಹುವು ಪೇಟೆಯಲ್ಲಿ ದೊರೆಯಲಿಲ್ಲ. ಆರು ವರ್ಷಗಳ ಬಳಿಕ, ೧೮೬೬ರಲ್ಲಿ, ಅದೇ ಸರ್ಕಾರವು ಇಲಾಖೆಯನ್ನು ಪುನಃ ಸ್ಥಾಪಿಸಿ, ಚದರಿಹೋಗಿದ್ದ ದನಗಳನ್ನು ಹುಡುಕಿ ಹುಡುಕಿ ಕೊಳ್ಳಬೇಕಾಯಿತು. ಇಂದು ಅಜ್ಜಂಪುರದಲ್ಲಿರುವ ಅಮೃತ್ ಮಹಲ್ ತಳಿಸಂವರ್ಧನ ಕೇಂದ್ರವನ್ನು ನೋಡುವವರು, ಅಲ್ಲಿಯ ಪ್ರತಿಯೊಂದು ಹಸುವೂ ಒಮ್ಮೆ ಮಾರಿಹೋಗಿ ಮರಳಿ ಕೊಳ್ಳಲ್ಪಟ್ಟ ಮಂದೆಯ ಸಂತತಿಯೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಬೇಕು. ದನಗಳನ್ನಾದರೂ ಮರಳಿ ಕೊಳ್ಳಬಹುದಾಗಿದ್ದಿತು. ಅವು ಈಯುತ್ತವೆ, ಹೆಚ್ಚುತ್ತವೆ. ಕಟ್ಟಡಕ್ಕೂ ನೆಲಕ್ಕೂ ಆ ಗುಣವಿಲ್ಲ.

ಇನ್ನು ಬೆಂಗಳೂರಿಗೆ ಬರೋಣ. ೧೮೩೧ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ತಮ್ಮ ವಶಕ್ಕೆ ತೆಗೆದುಕೊಂಡು, ಕಚೇರಿಗಳನ್ನು ಮೈಸೂರಿನಿಂದ ಬೆಂಗಳೂರಿಗೆ ಸಾಗಿಸಿದರು. ಕಾಗದಪತ್ರಗಳೂ ಗುಮಾಸ್ತರೂ ಬಂದರು, ಕೂರಲು ಮನೆಯಿರಲಿಲ್ಲ. ಕೋಟೆಯೊಳಗೆ ಟಿಪ್ಪುವಿನ ಅರಮನೆಯು ಬರಿದಾಗಿದ್ದಿತು. ೧೭೮೧ರಲ್ಲಿ ಹೈದರನು ಆರಂಭಿಸಿ ೧೭೯೧ರಲ್ಲಿ ಟಿಪ್ಪುವು ಮುಗಿಸಿದ ಆ ಮರದ ಅರಮನೆಯಲ್ಲಿ, ಕೆತ್ತನೆಯ ಕಂಬಗಳ ನಡುವೆ, ಮೈಸೂರು ಕಮಿಷನ್ನಿನ ದಫ್ತರುಗಳು ಕುಳಿತವು. ೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನನ ಕಾಲವೆಲ್ಲವೂ ಅಲ್ಲಿಯೇ ಕಳೆಯಿತು. ಸೋತ ದೊರೆಯ ಬೇಸಗೆಯ ಮನೆಯಲ್ಲಿ ಗೆದ್ದವರು ಮೂವತ್ತೇಳು ವರ್ಷ ಕಂದಾಯದ ಲೆಕ್ಕವನ್ನು ಬರೆದರು. ಅವರು ಬಿಟ್ಟುಹೋದ ಮೇಲೆ ಆ ಅರಮನೆಗೆ ಒದಗಿದ ಗತಿಯನ್ನು ಗಮನಿಸಬೇಕು. ಮೂಲ ಕಟ್ಟಡದಲ್ಲಿ ಒಂದು ಭಾಗ ಮಾತ್ರವೇ ಇಂದು ಉಳಿದಿದೆ. ಅದೂ ಪ್ರಾಚ್ಯವಸ್ತು ಇಲಾಖೆಯ ರಕ್ಷಣೆಗೆ ಬಂದುದರಿಂದ. ಉಪಯೋಗವು ತಪ್ಪಿದ ಕಟ್ಟಡವನ್ನು ಮಾರದಿದ್ದರೂ ಅದು ತಾನಾಗಿಯೇ ಕರಗಿಹೋಗುವುದುಂಟು. ಮಾರಾಟವನ್ನು ಖಂಡಿಸುವವರು ಇದನ್ನೂ ಮರೆಯಬಾರದು.

ಕಬ್ಬನನ ವಾಸಗೃಹದ ವಿಷಯವು ಇನ್ನೊಂದು ಬಗೆಯದು. ಸುಮಾರು ೧೮೪೦ರಲ್ಲಿ ಆತನು ಎತ್ತರವಾದ ಸ್ಥಳದಲ್ಲಿ ಒಂದು ಬಂಗಲೆಯನ್ನು ಕಟ್ಟಿಸಿಕೊಂಡನು. ೧೮೬೧ರಲ್ಲಿ ಕೆಲಸವನ್ನು ಬಿಟ್ಟು ಸ್ವದೇಶಕ್ಕೆ ಹೊರಟು, ದಾರಿಯಲ್ಲಿ ಸೂಯೆಜ್ ಪಟ್ಟಣದಲ್ಲಿಯೇ ತೀರಿಕೊಂಡನು. ಆತನ ಬಳಿಕ ಬಂದ ಬೌರಿಂಗನು ಆ ಮನೆಯನ್ನು ಸರ್ಕಾರದ ಹಣದಿಂದ ಕೊಂಡು ಕಮಿಷನರ ನಿವಾಸವನ್ನಾಗಿ ಮಾಡಿದನು. ೧೮೮೧ರ ಅನಂತರ ಅದು ಬ್ರಿಟಿಷ್ ರೆಸಿಡೆಂಟರ ಮನೆಯಾಯಿತು, ಇಂದು ರಾಜಭವನವಾಗಿದೆ. ಸರ್ಕಾರವು ಒಮ್ಮೆ ಕೊಂಡ ಒಂದು ಮನೆಯು ಕಮಿಷನರಿಗೂ ರೆಸಿಡೆಂಟರಿಗೂ ರಾಜ್ಯಪಾಲರಿಗೂ ಕ್ರಮವಾಗಿ ಆಶ್ರಯವನ್ನು ಕೊಟ್ಟಿತು. ಕೊಂಡ ಹಣವು ಎಷ್ಟು ಸಲ ವಸೂಲಾಯಿತೆಂಬುದನ್ನು ಲೆಕ್ಕಹಾಕುವ ಶ್ರಮವನ್ನು ಯಾರೂ ತೆಗೆದುಕೊಂಡಂತಿಲ್ಲ.

ಬೌರಿಂಗನ ಕಾಲದಲ್ಲಿ ಆಡಳಿತದ ಇಲಾಖೆಗಳು ಹೆಚ್ಚಿ ಅರಮನೆಯ ಇಕ್ಕಟ್ಟು ಅಸಹನೀಯವಾಯಿತು. ೧೮೬೪ರಲ್ಲಿ ಹೊಸ ಕಟ್ಟಡದ ಕೆಲಸವು ಮೊದಲಾಗಿ ೧೮೬೮ರಲ್ಲಿ ಪೂರೈಸಿತು. ನಕ್ಷೆಯು ಕರ್ನಲ್ ರಿಚರ್ಡ್ ಸ್ಯಾಂಕಿಯದೆಂದು ಪ್ರಸಿದ್ಧಿ. ಕೆಲವು ವರ್ಷಗಳಲ್ಲಿಯೇ ಅದರ ಮಗ್ಗುಲಲ್ಲಿ, ೧೮೭೦ರಲ್ಲಿ, ಇಂದಿನ ಕಬ್ಬನ್ ಉದ್ಯಾನವನ್ನು ಮಾಡಿಸಿದವನೂ ಆತನೇ. ಕಟ್ಟುವ ಗುತ್ತಿಗೆಯನ್ನು ಹಿಡಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು. ಸಾಮಾನ್ಯ ಸ್ಥಿತಿಯಿಂದ ಮೇಲೆ ಬಂದ ಈ ಮಹನೀಯರು ವ್ಯಾಪಾರದಿಂದಲೂ ಗುತ್ತಿಗೆಯಿಂದಲೂ ಗಳಿಸಿದ ಐಶ್ವರ್ಯವನ್ನು ವಿದ್ಯಾದಾನಕ್ಕೆ ತಿರುಗಿಸಿದರು. ೧೮೭೩ರಲ್ಲಿ ಅವರು ದಂಡಿನ ಪ್ರದೇಶದಲ್ಲಿ ತೆರೆದ ಪಾಠಶಾಲೆಯು ಬೆಳೆದು, ಅವರ ಹೆಸರಿನ ವಿದ್ಯಾಸಂಸ್ಥೆಗಳು ಇಂದಿಗೂ ನಡೆಯುತ್ತಲಿವೆ. ಸರ್ಕಾರದ ಕಚೇರಿಗೆ ಖರ್ಚಾದ ಹಣದಲ್ಲಿ ಒಂದಂಶವು ಹೀಗೆ ಬಡಮಕ್ಕಳ ಓದಿಗೆ ಒದಗಿತೆಂದರೆ ಅದು ವಿಚಿತ್ರವಾದರೂ ಸಂತೋಷದ ಸಂಗತಿ. ಗುತ್ತಿಗೆದಾರರ ವಿಷಯದಲ್ಲಿ ಇಂತಹ ಮಾತನ್ನಾಡುವ ಅವಕಾಶವು ಪದೇ ಪದೇ ಬರುವುದಿಲ್ಲ.

ಇಂಗ್ಲಿಷ್ ಕಾಗದಗಳಲ್ಲಿ ಕಟ್ಟಡಕ್ಕೆ ಪಬ್ಲಿಕ್ ಆಫೀಸ್ ಎಂದು ಹೆಸರು. ಕಂದಾಯದ ಮತ್ತು ಸಾಮಾನ್ಯ ಆಡಳಿತದ ಹದಿನೆಂಟು ಇಲಾಖೆಗಳು ಅಲ್ಲಿ ಸೇರಿದುವೆಂದು ಜನರು ಚಿಕ್ಕದೇವರಾಜರ ಕಾಲದ ಹಳೆಯ ಮಾತನ್ನೇ ಅದಕ್ಕೆ ಅಂಟಿಸಿದರು. ಯವನ ಶೈಲಿಯ ಕಂಬಗಳನ್ನು ಇಂಗ್ಲಿಷ್ ಇಂಜಿನಿಯರನು ನಿಲ್ಲಿಸಿದನು, ತಮಿಳು ಮನೆತನದ ಗುತ್ತಿಗೆದಾರರು ಗೋಡೆಯನ್ನೆಬ್ಬಿಸಿದರು, ಹಿಂದೂಸ್ಥಾನಿಯ ಹೆಸರನ್ನು ಕನ್ನಡಿಗರು ಕೂಗಿದರು. ಬೆಂಗಳೂರಿನ ಸ್ವಭಾವವೇ ಅಂತಹುದು.

೧೮೭೬ರಿಂದ ೧೮೭೮ರವರೆಗಿನ ಭೀಕರ ಕ್ಷಾಮದಲ್ಲಿ ಮೈಸೂರು ದೇಶವು ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು. ೧೮೮೧ನೆಯ ಮಾರ್ಚಿ ೨೫ರಂದು ಚಾಮರಾಜೇಂದ್ರ ಒಡೆಯರಿಗೆ ಆಳ್ವಿಕೆಯು ಮರಳಿ ಬಂದಾಗ ಬೊಕ್ಕಸವು ಬರಿದಾಗಿ, ಎಂಬತ್ತು ಲಕ್ಷ ರೂಪಾಯಿಗಳ ಸಾಲವು ಸಂಸ್ಥಾನದ ತಲೆಯ ಮೇಲಿದ್ದಿತು. ದಿವಾನ್ ರಂಗಾಚಾರ್ಲು ಅವರು ಮಿತವ್ಯಯಕ್ಕಾಗಿ ಕೈಗೊಂಡ ಕ್ರಮಗಳು ಕಠಿಣವಾದುವು. ಎಂಟು ಜಿಲ್ಲೆಗಳಲ್ಲಿ ಹಾಸನ, ಚಿತ್ರದುರ್ಗಗಳೆರಡನ್ನೂ ೧೮೮೨ರಲ್ಲಿ ತೆಗೆದುಹಾಕಿ ಆರನ್ನು ಮಾತ್ರ ಉಳಿಸಿದರು. ೧೮೮೬ರಲ್ಲಿ ಅವು ಮತ್ತೆ ಜಿಲ್ಲೆಗಳಾದುವು. ಅಷ್ಟು ಕಷ್ಟದ ದಿನಗಳಲ್ಲಿಯೂ ಅಠಾರಾ ಕಚೇರಿಯು ಸಂಸ್ಥಾನದ ಕೈತಪ್ಪಲಿಲ್ಲ. ಇಲಾಖೆಯನ್ನು ಕುಗ್ಗಿಸಿದರೆ ಒಳ್ಳೆಯ ಕಾಲದಲ್ಲಿ ಮತ್ತೆ ಹಿಗ್ಗಿಸಬಹುದು. ನೆಲೆಯನ್ನು ಕಳೆದುಕೊಂಡರೆ ಹಾಗಲ್ಲ. ರಂಗಾಚಾರ್ಲು ಅವರ ಮಿತವ್ಯಯಕ್ಕೂ ೧೮೬೦ರ ಮದರಾಸಿನ ಮಿತವ್ಯಯಕ್ಕೂ ಇರುವ ಅಂತರವು ಇದೇ ಎನ್ನಬಹುದು.

ಮುಂದಿನ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ೧೮೮೪ರಲ್ಲಿ ಮೈಸೂರಿನ ಚೀಫ್ ಕೋರ್ಟು ಸ್ಥಾಪಿತವಾಯಿತು. ೧೯೩೦ರಲ್ಲಿ ಅದಕ್ಕೆ ಹೈಕೋರ್ಟೆಂಬ ಹೆಸರು ಬಂದಿತು. ಸ್ವಾತಂತ್ರ್ಯವು ಬಂದ ಮೇಲೆ ಶಾಸನಸಭೆಗೂ ಕಾರ್ಯಾಲಯಗಳಿಗೂ ತಕ್ಕ ಮನೆಯು ಬೇಕೆಂದು, ಅಠಾರಾ ಕಚೇರಿಯ ಎದುರಿನ ಬಯಲಿನಲ್ಲಿ ೧೯೫೧ನೆಯ ಜುಲೈ ೧೩ರಂದು ಜವಾಹರಲಾಲ್ ನೆಹರೂ ಅವರು ವಿಧಾನಸೌಧಕ್ಕೆ ಅಸ್ತಿಭಾರವನ್ನಿಟ್ಟರು. ಕೆಂಗಲ್ ಹನುಮಂತಯ್ಯನವರು ಮೊದಲಿನ ನಕ್ಷೆಯನ್ನು ಹಿಗ್ಗಿಸಿ, ದ್ರಾವಿಡ ಶೈಲಿಯ ಭವ್ಯವಾದ ಸೌಧವನ್ನು ಕಟ್ಟಿಸಿದರು. ೧೯೫೬ರಲ್ಲಿ ಅದು ಪೂರ್ಣವಾಯಿತು. ಕಾರ್ಯದರ್ಶಿಗಳ ಇಲಾಖೆಗಳು ರಸ್ತೆಯನ್ನು ದಾಟಿಹೋದುವು. ಹಳೆಯ ಕಟ್ಟಡದಲ್ಲಿ ಉಚ್ಚ ನ್ಯಾಯಾಲಯವು ನಿಂತಿತು. ಟಿಪ್ಪುವಿನ ಅರಮನೆಗೆ ಒದಗಿದ ಗತಿಯು ಅಠಾರಾ ಕಚೇರಿಗೆ ಒದಗದಿದ್ದುದಕ್ಕೆ ಇದೇ ಕಾರಣ: ಒಬ್ಬರು ಹೊರಡುತ್ತಲೇ ಇನ್ನೊಬ್ಬರು ಅಲ್ಲಿ ನೆಲಸಿದರು.

ಆದರೂ ಗಂಡಾಂತರವು ತಪ್ಪಲಿಲ್ಲ. ೧೯೮೨ರಲ್ಲಿ ಕಟ್ಟಡವನ್ನು ಕೆಡವುವ ಪ್ರಸ್ತಾಪವು ಹೊರಟಿತು. ಹಳೆಯದಾಯಿತು, ಸ್ಥಳವು ಸಾಲದು, ಅಷ್ಟೇ ನೆಲದಲ್ಲಿ ನಾಲ್ಕು ಪಾಲು ದೊಡ್ಡದಾದ ಕಟ್ಟಡವನ್ನು ಎಬ್ಬಿಸಬಹುದು ಎಂಬ ಬಗೆಯ ಮಾತುಗಳು ಇಂತಹ ಪ್ರಸಂಗಗಳಲ್ಲೆಲ್ಲಾ ಕೇಳಿಬರುವುವು. ಅವುಗಳಲ್ಲಿ ಸತ್ಯಾಂಶವೂ ಇಲ್ಲದಿಲ್ಲ. ೧೮೬೮ರ ಬೆಂಗಳೂರಿಗೆ ಅಳೆದು ಕಟ್ಟಿದ ಅಂಗಿಯು ೧೯೮೨ರ ಬೆಂಗಳೂರಿಗೆ ಬಿಗಿಯಾದುದು ಸಹಜವೇ. ಆದರೆ ನಾಗರಿಕರಲ್ಲಿ ಕೆಲವರು ಇದನ್ನು ಒಪ್ಪದೆ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. ಆ ಬಾಗಿಲಾದರೂ ಯಾವುದು? ಯಾವ ಕಟ್ಟಡವು ಉಳಿಯಬೇಕೆ ಬೀಳಬೇಕೆ ಎಂಬ ವ್ಯಾಜ್ಯವೋ ಅದೇ ಕಟ್ಟಡದ ಬಾಗಿಲು. ವಕೀಲರು ಕೈಯೆತ್ತಿ ತೋರಿಸಿದ ಗೋಡೆಗಳೇ ಮೊಕದ್ದಮೆಯ ವಸ್ತುವಾಗಿದ್ದುವು. ನ್ಯಾಯಾಧೀಶರು ತಲೆಯ ಮೇಲಿನ ಮಾಡಿನ ಆಯುಸ್ಸನ್ನು ತೀರ್ಮಾನಿಸಬೇಕಾಗಿದ್ದಿತು. ಕಕ್ಷಿಯೂ ಸಾಕ್ಷಿಯೂ ಸಭಾಸ್ಥಾನವೂ ಒಂದೇ ಆದ ಇಂತಹ ವ್ಯವಹಾರವು ಧರ್ಮಶಾಸ್ತ್ರಕಾರರ ಕಲ್ಪನೆಗೂ ಬಂದಿರಲಾರದು.

ಈ ವ್ಯಾಜ್ಯಕ್ಕೆ ಇನ್ನೊಂದು ವಿಶೇಷವಿದೆ. ಸ್ವಂತ ನಷ್ಟವನ್ನು ಹೇಳಿಕೊಳ್ಳದೆ ಸಾರ್ವಜನಿಕರ ಹಿತಕ್ಕಾಗಿ ಹೂಡಿದ ವ್ಯಾಜ್ಯಗಳಲ್ಲಿ ಈ ರಾಜ್ಯದ ಉಚ್ಚ ನ್ಯಾಯಾಲಯವು ಅಂಗೀಕರಿಸಿದ ಮೊದಲನೆಯದು ಇದೇ ಎಂದು ಹೇಳುವರು. ಮೊದಲಿನ ನ್ಯಾಯಪದ್ಧತಿಯಲ್ಲಿ, ನಿನ್ನ ಸೊತ್ತೇನು ಹೋಯಿತು ಎಂದು ಕೇಳಿದರೆ ಉತ್ತರವನ್ನು ಹೇಳಲಾರದವನಿಗೆ ಅಲ್ಲಿ ಸ್ಥಾನವಿರಲಿಲ್ಲ. ಅಠಾರಾ ಕಚೇರಿಯ ವಾದಿಗಳು ಹೇಳಿದ ಮಾತಿನ ಸಾರವು, ಈ ಮನೆಯು ಸರ್ಕಾರದ ಹೆಸರಿನಲ್ಲಿದ್ದರೂ ತಮಗೂ ಅದರಲ್ಲಿ ಹಕ್ಕಿದೆಯೆಂಬುದು. ಕಟ್ಟಡವು ಉಳಿಯಿತು. ಅದು ಉಳಿದುದಕ್ಕಿಂತಲೂ ಆ ಹಕ್ಕಿನ ಮಾತು ಅಲ್ಲಿ ಕೇಳಿಬಂದುದು ದೊಡ್ಡದೆಂದು ತೋರುತ್ತದೆ.

ಕೆಡವುವುದು ಬೇರೆ, ಮಾರುವುದು ಬೇರೆ ಎಂದು ವಾಚಕರು ಆಕ್ಷೇಪಿಸಬಹುದು. ನಿಜ. ಬೆಂಗಳೂರಿನಲ್ಲಿ ಕಚೇರಿಯ ಮನೆಯನ್ನು ಪೇಟೆಗಿಟ್ಟು ಮಾರುವ ಕಾಲವು ಅಂದು ಇನ್ನೂ ಬಂದಿರಲಿಲ್ಲ. ಬೇರೆ ದೇಶಗಳಲ್ಲಿ ಅದು ಬಂದು ಹೋಗಿದೆ; ಅವುಗಳ ಅನುಭವವನ್ನು ತಿಳಿದುಕೊಂಡರೆ ಲಾಭವಿದೆ.

ಇಂಗ್ಲೆಂಡಿನಲ್ಲಿ ೨೦೦೧ರಲ್ಲಿ ತೆರಿಗೆ ಮತ್ತು ಸುಂಕದ ಇಲಾಖೆಗಳು ತಮ್ಮ ಸುಮಾರು ಆರು ನೂರು ಕಟ್ಟಡಗಳನ್ನು ಮೇಪ್ಲಿ ಎಂಬ ಕಂಪೆನಿಗೆ ಸುಮಾರು ಇಪ್ಪತ್ತೆರಡು ಕೋಟಿ ಪೌಂಡುಗಳಿಗೆ ಒಪ್ಪಿಸಿ, ಅವುಗಳಲ್ಲಿಯೇ ಇಪ್ಪತ್ತು ವರ್ಷ ಬಾಡಿಗೆಗೆ ಕುಳಿತವು. ಮರುವರ್ಷ ಒಂದು ಸಂಗತಿಯು ಬಯಲಾಯಿತು. ಕೊಂಡ ಕಂಪೆನಿಯು ಬರ್ಮುಡಾ ದ್ವೀಪದಲ್ಲಿ ನೆಲೆಯುಳ್ಳದು. ಎಂದರೆ ತೆರಿಗೆಯನ್ನು ತಪ್ಪಿಸಿಕೊಳ್ಳುವವರು ಆಶ್ರಯಿಸುವ ಸ್ಥಳದ್ದು. ತೆರಿಗೆಯನ್ನು ವಸೂಲುಮಾಡುವವರೇ ತೆರಿಗೆಗೆ ದೂರವಾದವರ ಮನೆಯಲ್ಲಿ ಒಕ್ಕಲಾದರು. ಪಾರ್ಲಿಮೆಂಟಿನ ಲೆಕ್ಕಪತ್ರ ಸಮಿತಿಯು ಇದನ್ನು ಕಟುವಾಗಿ ಟೀಕಿಸಿತು. ಕರಾರು ಮಾತ್ರ ಅವಧಿಯು ಮುಗಿಯುವವರೆಗೂ ನಡೆಯಿತು. ಲಂಡನ್ನಿನ ವೈಟ್‌ಹಾಲಿನಲ್ಲಿ ಚರ್ಚಿಲ್ಲನು ಕುಳಿತಿದ್ದ ಹಳೆಯ ಯುದ್ಧ ಕಚೇರಿಯು ಮೂವತ್ತೈದು ಕೋಟಿ ಪೌಂಡುಗಳಿಗೂ ಹೆಚ್ಚಿನ ಬೆಲೆಗೆ ೨೫೦ ವರ್ಷಗಳ ಗೇಣಿಯ ಮೇಲೆ ಹಿಂದುಜಾ ಸಮೂಹದ ವಶವಾಯಿತು. ೨೦೨೩ರಲ್ಲಿ ಅದು ಹೋಟೆಲಾಗಿ ತೆರೆಯಿತು. ಇಂಡಿಯಾ ದೇಶದ ದಂಡಯಾತ್ರೆಗಳ ಲೆಕ್ಕವನ್ನು ನೋಡಿದ ಮನೆಯನ್ನು ಇಂಡಿಯಾ ಮೂಲದ ವರ್ತಕರು ಹಿಡಿದುದು ಕಾಲಚಕ್ರದ ಒಂದು ಪರಿಹಾಸ.

ಅಮೆರಿಕದ ಅರಿಜೋನಾ ಸಂಸ್ಥಾನದ ಉದಾಹರಣೆಯು ಇನ್ನೂ ವಿಲಕ್ಷಣವಾದುದು. ೨೦೦೮ರ ಆರ್ಥಿಕ ಕುಸಿತದಿಂದ ಬೊಕ್ಕಸವು ಬರಿದಾಗಲು, ೨೦೧೦ರ ಜನವರಿಯಲ್ಲಿ ಆ ಸರ್ಕಾರವು ತನ್ನ ಹಲವು ಕಟ್ಟಡಗಳನ್ನು ಮಾರಿ ಎಪ್ಪತ್ತಮೂರೂವರೆ ಕೋಟಿ ಡಾಲರುಗಳನ್ನು ಪಡೆಯಿತು. ಮಾರಿದವುಗಳಲ್ಲಿ ಶಾಸನಸಭೆಯ ಎರಡು ಮನೆಗಳೂ ಇದ್ದುವು. ಶಾಸನವನ್ನು ಮಾಡುವವರು ಅಂದಿನಿಂದ ಬಾಡಿಗೆದಾರರಾದರು. ಇದು ವಿಕ್ರಯವೆಂಬ ಹೆಸರನ್ನು ಹೊತ್ತ ಸಾಲವೇ ಹೊರತು ಬೇರೆಯಲ್ಲ. ಮನೆಯ ಯಜಮಾನನು ಕಷ್ಟಕ್ಕೆ ಮನೆಯನ್ನು ಭೋಗ್ಯಕ್ಕೆ ಬರೆದುಕೊಟ್ಟು ಅದೇ ಜಗಲಿಯಲ್ಲಿ ಬಾಡಿಗೆಗೆ ಕೂರುವುದನ್ನು ಗ್ರಾಮಗಳಲ್ಲಿ ಕಂಡವರಿಗೆ ಈ ವ್ಯವಹಾರದ ಮರ್ಮವನ್ನು ವಿವರಿಸಬೇಕಾದುದಿಲ್ಲ.

ಭಾರತದಲ್ಲಿ ಇತ್ತೀಚಿನ ದೊಡ್ಡ ನಿದರ್ಶನವು ಮುಂಬಯಿಯ ಏರ್ ಇಂಡಿಯಾ ಭವನದ್ದು. ನರೀಮನ್ ಪಾಯಿಂಟಿನಲ್ಲಿ ಕಡಲನ್ನು ಹೂಳಿ ಮಾಡಿದ ನೆಲದ ಮೇಲೆ ೧೯೭೪ರಲ್ಲಿ ಪೂರ್ಣವಾದ ಇಪ್ಪತ್ತಮೂರು ಅಂತಸ್ತಿನ ಈ ಕಟ್ಟಡವು ಸರ್ಕಾರೀ ವಿಮಾನ ಸಂಸ್ಥೆಯ ಮುಖ್ಯ ಕಾರ್ಯಾಲಯವಾಗಿದ್ದಿತು. ೧೯೯೩ನೆಯ ಮಾರ್ಚಿ ೧೨ರ ಬಾಂಬುಸ್ಫೋಟಗಳಲ್ಲಿ ಅದೂ ಒಂದು ಗುರಿಯಾಯಿತು. ೨೦೧೩ರಲ್ಲಿ ಮುಖ್ಯ ಕಾರ್ಯಾಲಯವು ದೆಹಲಿಗೆ ಹೋಯಿತು. ೨೦೨೨ರಲ್ಲಿ ವಿಮಾನ ಸಂಸ್ಥೆಯು ಟಾಟಾ ಸಮೂಹಕ್ಕೆ ಸೇರಿದಾಗ ಈ ಭವನವನ್ನು ಮಾತ್ರ ಕೇಂದ್ರ ಸರ್ಕಾರವು ಪ್ರತ್ಯೇಕವಾಗಿ ಇಟ್ಟುಕೊಂಡಿತು. ಇತ್ತ ಮಹಾರಾಷ್ಟ್ರದ ಮಂತ್ರಾಲಯಕ್ಕೆ ೨೦೧೨ರಲ್ಲಿ ಬೆಂಕಿಬಿದ್ದು ಹಲವು ಇಲಾಖೆಗಳು ಚದರಿ ಬಾಡಿಗೆಯ ಮನೆಗಳನ್ನು ಹಿಡಿದಿದ್ದುವು. ಕಡೆಗೆ ೨೦೨೪ರ ಮಾರ್ಚಿಯಲ್ಲಿ ೧೬೦೧ ಕೋಟಿ ರೂಪಾಯಿಗಳಿಗೆ ಭವನವನ್ನು ಮಹಾರಾಷ್ಟ್ರ ಸರ್ಕಾರಕ್ಕೆ ಕೊಡಲು ಕೇಂದ್ರವು ಒಪ್ಪಿತು. ಇದರಲ್ಲಿ ಸ್ವಾರಸ್ಯವಾದ ಅಂಶವೇನೆಂದರೆ, ಕಟ್ಟಡವು ನಿಂತಿರುವ ನೆಲವು ಮೊದಲಿನಿಂದಲೂ ಮಹಾರಾಷ್ಟ್ರ ಸರ್ಕಾರದ್ದೇ, ಗೇಣಿಗೆ ಕೊಟ್ಟುದು. ತನ್ನ ನೆಲದ ಮೇಲಿನ ಮನೆಯನ್ನು ತಾನೇ ಕೊಂಡುದಲ್ಲದೆ, ಬರಬೇ���ಾಗಿದ್ದ ಸುಮಾರು ೨೯೮ ಕೋಟಿ ರೂಪಾಯಿಗಳ ಬಾಕಿಯನ್ನೂ ಬಿಟ್ಟುಕೊಡಲು ಆ ಸರ್ಕಾರವು ಒಪ್ಪಿತು. ಆದರೂ ಕಟ್ಟಡವು ಸಾರ್ವಜನಿಕರ ಕೈಯಿಂದ ಸಾರ್ವಜನಿಕರ ಕೈಗೇ ಬಂದಿತು. ಖಾಸಗಿಯವರ ಪಾಲಾಗಿದ್ದರೆ ಇನ್ನೂ ಹೆಚ್ಚು ಹಣವು ಬರುತ್ತಿದ್ದಿತೋ ಏನೋ. ಮಂತ್ರಾಲಯದ ಇಲಾಖೆಗಳು ಮಾತ್ರ ಬಾಡಿಗೆಯ ಮನೆಗಳಲ್ಲಿಯೇ ಉಳಿಯುತ್ತಿದ್ದುವು.

ಮಾರಲು ಸರ್ಕಾರಕ್ಕೆ ಅಧಿಕಾರವಿದೆಯೆ ಎಂದರೆ, ಇದೆ. ಸಂವಿಧಾನದ ೨೯೮ನೆಯ ಅನುಚ್ಛೇದವು ಸೊತ್ತನ್ನು ಸಂಪಾದಿಸುವ, ಹೊಂದುವ, ವಿಲೇವಾರಿ ಮಾಡುವ ಅಧಿಕಾರವನ್ನು ಕೇಂದ್ರಕ್ಕೂ ರಾಜ್ಯಗಳಿಗೂ ಸ್ಪಷ್ಟವಾಗಿ ಕೊಟ್ಟಿದೆ. ಆದರೆ ಈ ಅಧಿಕಾರವು ಗೃಹಸ್ಥನು ತನ್ನ ಮನೆಯನ್ನು ಮಾರುವ ಅಧಿಕಾರದಂತಲ್ಲ. ಸರ್ಕಾರವು ತನ್ನ ಸೊತ್ತನ್ನು ಮನಬಂದವರಿಗೆ ಮನಬಂದಂತೆ ಕೊಡಲಾರದೆಂದು ಸರ್ವೋಚ್ಚ ನ್ಯಾಯಾಲಯವು ೧೯೭೯ರಲ್ಲಿ, ವಿಮಾನ ನಿಲ್ದಾಣವೊಂದರ ಉಪಾಹಾರಗೃಹದ ಗುತ್ತಿಗೆಯ ಮೊಕದ್ದಮೆಯಲ್ಲಿ, ನಿರ್ಣಯಿಸಿತು. ನದಿ, ಅರಣ್ಯ ಮುಂತಾದ ಪ್ರಕೃತಿಯ ಸಂಪತ್ತನ್ನು ಸರ್ಕಾರವು ಜನರ ಪರವಾಗಿ ನ್ಯಾಸವಾಗಿ ಹಿಡಿದಿರುವುದೆಂಬ ತತ್ತ್ವವನ್ನು ೧೯೯೬ರಲ್ಲಿ ಬಿಯಾಸ್ ನದಿಯ ವ್ಯಾಜ್ಯದಲ್ಲಿ ಅಂಗೀಕರಿಸಿತು. ಕಚೇರಿಯ ಕಟ್ಟಡವು ನದಿಯಲ್ಲ. ಈ ತತ್ತ್ವವು ಇಟ್ಟಿಗೆ ಗಾರೆಗಳಿಗೆ ಹಾಗೆಯೇ ಅನ್ವಯಿಸುವುದೆಂದು ಹೇಳಿದರೆ ಅತಿವ್ಯಾಪ್ತಿಯಾದೀತು. ಆದರೆ ನಗರದ ನಟ್ಟನಡುವೆ ಒಮ್ಮೆ ಕಳೆದುಕೊಂಡರೆ ಮರಳಿ ದೊರೆಯದ ನೆಲವು ಇಟ್ಟಿಗೆಗಿಂತ ನದಿಗೇ ಹೆಚ್ಚು ಹತ್ತಿರವಾದುದಲ್ಲವೆ? ೨೦೨೧ರಲ್ಲಿ ಕೇಂದ್ರವು ಆರು ಲಕ್ಷ ಕೋಟಿ ರೂಪಾಯಿಗಳ ಆಸ್ತಿನಗದೀಕರಣದ ಯೋಜನೆಯನ್ನು ಪ್ರಕಟಿಸಿದಾಗ, ಒಡೆತನವು ಸರ್ಕಾರದಲ್ಲಿಯೇ ಉಳಿಯುವುದು, ಉಪಯೋಗದ ಹಕ್ಕನ್ನು ಮಾತ್ರ ಅವಧಿಗೆ ಕೊಡಲಾಗುವುದು ಎಂದು ಒತ್ತಿ ಹೇಳಬೇಕಾಯಿತು. ಮರುವರ್ಷವೇ, ಕೆಲಸಕ್ಕೆ ಬಾರದ ಸರ್ಕಾರೀ ನೆಲ ಕಟ್ಟಡಗಳಿಂದ ಹಣವನ್ನು ತೆಗೆಯುವುದಕ್ಕೆ ರಾಷ್ಟ್ರೀಯ ನಿಗಮವೊಂದಕ್ಕೂ ಕೇಂದ್ರದ ಮಂತ್ರಿಮಂಡಲವು ಒಪ್ಪಿಗೆಯನ್ನು ಕೊಟ್ಟಿತು.

ಬೆಂಗಳೂರಿನ ವಿಷಯದಲ್ಲಿ ಬಾಡಿಗೆಯ ಮಾತನ್ನು ಮರೆಯುವಂತಿಲ್ಲ. ೨೦೦೫ರಲ್ಲಿ ವಿಧಾನಸೌಧದ ಮಗ್ಗುಲಲ್ಲಿ ಅದೇ ಶೈಲಿಯ ವಿಕಾಸಸೌಧವು ತೆರೆಯಿತು. ೨೦೧೨ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧವು ತೆರೆಯಿತು. ಹೀಗೆ ಸೌಧಗಳು ಹೆಚ್ಚಿದರೂ ರಾಜಧಾನಿಯಲ್ಲಿ ಹಲವು ಸರ್ಕಾರೀ ಕಚೇರಿಗಳು ಖಾಸಗಿಯವರ ಮಾಳಿಗೆಗಳಲ್ಲಿ ತಿಂಗಳ ಬಾಡಿಗೆಗೆ ಕುಳಿತಿವೆ. ಬಾಡಿಗೆಯು ಒಂದೊಂದು ವರ್ಷದ ಲೆಕ್ಕದಲ್ಲಿ ಸಣ್ಣದಾಗಿ ಕಾಣುವುದು, ಕಟ್ಟಡದ ಖರ್ಚು ಒಂದೇ ವರ್ಷದಲ್ಲಿ ದೊಡ್ಡದಾಗಿ ಕಾಣುವುದು. ಆಯವ್ಯಯವನ್ನು ಬರೆಯುವವರ ಕಣ್ಣಿಗೆ ದೊಡ್ಡದೇ ಮೊದಲು ಬೀಳುವುದು. ಮಾರಾಟಕ್ಕೆ ಪ್ರೇರಣೆಯು ಅನೇಕ ವೇಳೆ ಇಲ್ಲಿಂದಲೇ ಹುಟ್ಟುವುದು. ಮಾರಿದ ಹಣವು ಆ ವರ್ಷದ ಜಮೆಯಲ್ಲಿ ಸೇರಿ ಮಂತ್ರಿಗೆ ಕೀರ್ತಿಯನ್ನು ತರುವುದು. ಬಾಡಿಗೆಯು ಮುಂದೆ ಬರುವ ಮಂತ್ರಿಗಳ ಖರ್ಚಿನಲ್ಲಿ ಸೇರುವುದು.

ಬಾಲಬ್ರೂಯಿ ಎಂಬ ಹಳೆಯ ಅತಿಥಿಗೃಹವನ್ನು ೨೦೧೪ರಲ್ಲಿ ಶಾಸಕರ ಕ್ಲಬ್ಬಿಗಾಗಿ ಕೆಡವುವ ಆಲೋಚನೆಯು ಕೇಳಿಬಂದಾಗ, ಬೆಂಗಳೂರಿನವರು ಅಠಾರಾ ಕಚೇರಿಯ ಕಾಲದಂತೆಯೇ ಎದ್ದುನಿಂತರು. ಹೆಸರಾಂತ ಕಟ್ಟಡಗಳಿಗೆ ಹೀಗೆ ಕಾಯುವವರಿರುತ್ತಾರೆ. ಹೆಸರಿಲ್ಲದ ತಾಲ್ಲೂಕು ಕಚೇರಿಗಳಿಗೆ, ಪ್ರಯಾಣಿಕರ ಬಂಗಲೆಗಳಿಗೆ, ಚಾವಡಿಗಳಿಗೆ ಯಾರೂ ಇರುವುದಿಲ್ಲ. ನೆಲದ ವಿಷಯವಂತೂ ಇನ್ನೂ ಮೌನವಾಗಿ ನಡೆಯುವುದು. ಅಮೃತ್ ಮಹಲ್ ಕಾವಲುಗಳು ಒಂದು ಕಾಲಕ್ಕೆ ಲಕ್ಷಾಂತರ ಎಕರೆಗಳಷ್ಟಿದ್ದು, ಒತ್ತುವರಿಯಿಂದಲೂ ಹಂಚಿಕೆಯಿಂದಲೂ ಸವೆದುಹೋಗಿವೆ. ಚಳ್ಳಕೆರೆಯ ಕಡೆಯ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆಗಳನ್ನು ೨೦೦೭ರಿಂದ ಮೊದಲ್ಗೊಂಡು ವಿಜ್ಞಾನ ಹಾಗೂ ರಕ್ಷಣಾ ಸಂಸ್ಥೆಗಳಿಗೆ ಕೊಟ್ಟಾಗ, ಗ್ರಾಮಸ್ಥರು ಹಸಿರು ನ್ಯಾಯಮಂಡಲಿಯವರೆಗೂ ಹೋದರು. ಕೊಟ್ಟುದೂ ಸರ್ಕಾರ, ತೆಗೆದುಕೊಂಡವುಗಳೂ ಸರ್ಕಾರದ ಸಂಸ್ಥೆಗಳೇ. ದನಗಳು ಮೇಯುತ್ತಿದ್ದ ಹುಲ್ಲು ಮಾತ್ರ ಯಾರ ದಫ್ತರಿನಲ್ಲಿಯೂ ಜಮೆಯಾಗಿರಲಿಲ್ಲ.

ಅಠಾರಾ ಕಚೇರಿಯ ಮುಂದೆ ಬಹುಕಾಲ ನಿಂತಿದ್ದ ಸರ್ ಮಾರ್ಕ್ ಕಬ್ಬನನ ಕುದುರೆಯ ಮೇಲಿನ ಪ್ರತಿಮೆಯನ್ನು ೨೦೨೦ರಲ್ಲಿ ಅಲ್ಲಿಂದ ತೆಗೆದು ಉದ್ಯಾನದೊಳಕ್ಕೆ ಸಾಗಿಸಿದರು. ೧೮೬೬ರ ಆ ಪ್ರತಿಮೆಯು ಮೊದಲು ದಂಡಿನ ಕವಾಯತಿನ ಮೈದಾನದಲ್ಲಿದ್ದು, ಅನಂತರ ಕಚೇರಿಯ ಮುಂದಕ್ಕೆ ಬಂದಿದ್ದಿತು. ಕಟ್ಟಡದಲ್ಲಿ ಒಂದು ದಿನವೂ ಕೂರದೆ ಹೋದ ಕಬ್ಬನನು ಅದರ ಬಾಗಿಲನ್ನು ಹೀಗೆ ಕಾದಿದ್ದು ಹೋದನು. ನ್ಯಾಯಾಲಯವು ಕೆಂಪು ಕಟ್ಟಡದಲ್ಲಿಯೇ ನಡೆಯುತ್ತಲಿದೆ. ಹದಿನೆಂಟು ಇಲಾಖೆಗಳಲ್ಲಿ ಒಂದೂ ಅಲ್ಲಿಲ್ಲ.